ಪಕ್ಕದ ಸೀಟಿನ ಬ್ರೇಕು

ಮೇಷ್ಟ್ರ ಕಾರಿನಲ್ಲಿ ಎರಡು ಬ್ರೇಕುಗಳಿದ್ದವು. ಒಂದು ಓಡಿಸುವವರ ಕಾಲ ಬಳಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತವರ ಕಾಲ ಬಳಿ. ಎರಡನ್ನೂ ಒಂದು ಕಬ್ಬಿಣದ ಸರಳು ಜೋಡಿಸಿತ್ತು. ಪಕ್ಕದ್ದರ ಮೇಲೆ ಕಾಲಿಟ್ಟರೆ ಓಡಿಸುವವರ ಬ್ರೇಕೂ ಒಂದಿಷ್ಟು ತಗ್ಗುತ್ತಿತ್ತು. ಮೇಷ್ಟ್ರೆಂದರೆ ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನವರು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು. ಇನ್ನರ್ಧ ಜನ ಆ ಅರ್ಧ ಜನಕ್ಕೆ ಹೆದರಿ ಫುಟ್‌ಪಾತ್ ಬಿಟ್ಟು ಕೆಳಗಿಳಿಯುವುದಿಲ್ಲ ಎಂದು ಅವರ ಹೆಂಡತಿ ತಮಾಷೆ ಮಾಡುತ್ತಿದ್ದರು. ಸ್ಕೂಲು ಮುಚ್ಚಿ ವರ್ಷಗಳಾಗಿದ್ದವು. ಕಾರಿನ ತಲೆಯ ಮೇಲಿದ್ದ ಬೋರ್ಡು ಇಳಿದಿತ್ತು, ಪಕ್ಕದ ಬ್ರೇಕು ಮಾತ್ರ ಹಾಗೇ ಇತ್ತು. ಬಿಚ್ಚಿಸಿಬಿಡಿ ಎಂದು ಮಗ ಎಷ್ಟು ಹೇಳಿದರೂ ಅವರು ಕಿವಿಗೆ ಹಾಕಿಕೊಂಡಿರಲಿಲ್ಲ.

ಆ ಬ್ರೇಕಿನ ವಿಷಯದಲ್ಲಿ ಮೇಷ್ಟ್ರದು ಒಂದು ಪದ್ಧತಿ. ಕಲಿಯುವವರು ಎಷ್ಟೇ ಚೆನ್ನಾಗಿ ಓಡಿಸಲಿ, ಬಾಯಿಬಿಟ್ಟು ಹೊಗಳುತ್ತಿರಲಿಲ್ಲ. ಒಂದು ದಿನ ಸುಮ್ಮನೆ ಎರಡೂ ಕಾಲುಗಳನ್ನು ಹಿಂದಕ್ಕೆಳೆದು ಸೀಟಿನ ಕೆಳಗೆ ಸೇರಿಸಿಬಿಡುತ್ತಿದ್ದರು. ಅಷ್ಟೇ. ಲೈಸೆನ್ಸು ಆಮೇಲೆ ಬರುವ ಕಾಗದ, ಪಾಸಾಗುವುದು ಅವತ್ತೇ ಎಂದು ಕಲಿತವರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಸ್ವಂತ ಮಗನಿಗೆ ಕಲಿಸುವಾಗ ಆ ಕಾಲು ಹಿಂದೆ ಸರಿಯಲು ಎಲ್ಲರಿಗಿಂತ ಹೆಚ್ಚು ಕಾಲ ಹಿಡಿಯಿತು. ಮಗ ಅದನ್ನು ಇವತ್ತಿಗೂ ಮರೆತಿಲ್ಲ.

ಚಳಿ ಜೋರಾಗಿದ್ದ ಒಂದು ಶನಿವಾರ ಮೇಷ್ಟ್ರು ಹೆಂಡತಿಯನ್ನು ಮೊಣಕಾಲಿನ ವ್ಯಾಯಾಮಕ್ಕೆಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ವಾಪಸು ಬರುತ್ತಿದ್ದರು. ಆಕೆಯ ಮೊಣಕಾಲಿಗೆ ಬೆಚ್ಚಗಿರಲೆಂದು ಹೀಟರ್ ಹಾಕಿತ್ತು. ಮನೆಯ ಓಣಿಗೆ ತಿರುಗುವಾಗ ಮುಂದಿನ ಗಾಜು ಪೂರ್ತಿ ಮಂಜಾಯಿತು. ಕೈಯಲ್ಲಿ ಒರೆಸುವಷ್ಟರಲ್ಲಿ ಕಾರು ಪಕ್ಕದ ಮನೆಯ ಕಾಂಪೌಂಡ್ ಗೋಡೆಯನ್ನು ಕರ್ರೆಂದು ಉಜ್ಜಿತು. ಗೋಡೆಗೆ ಏನೂ ಆಗಲಿಲ್ಲ. ಕಾರಿನ ಬಾಗಿಲಿನ ಉದ್ದಕ್ಕೂ ಒಂದು ಗೀರು ಬಿತ್ತು.

ಮಗ ಹೊರಗೆ ಬಂದು ಗೀರು ನೋಡಿದ. ಗೋಡೆ ನೋಡಿದ. ಆಮೇಲೆ ಕಾರಿನ ಬಾಗಿಲು ತೆಗೆದು ಒಳಗೂ ನೋಡಿದ. ಅವನ ಕೆಲಸ ವಿಮಾ ಕಂಪನಿಯ ಆಫೀಸಿನಲ್ಲಿ, ಅಪಘಾತದ ಫೈಲುಗಳ ಟೇಬಲ್ಲು. ಹೀಗಾಗಿ ಯಾವುದನ್ನೂ ಅರೆಬರೆ ನೋಡುವ ಜಾಯಮಾನ ಅವನದಲ್ಲ. ಊಟಕ್ಕೆ ಕೂತಾಗ ಮನೆಯವರಿಗೆಲ್ಲ ತಪ್ಪಿನ ಒಂದೊಂದು ಪಾಲು ಹಂಚಿದ.

"ಮುಂದಿನ ಸೀಟಿನ ಮ್ಯಾಟು ಒದ್ದೆ ಮುದ್ದೆ. ವಾಟರ್ ಬಾಟ್ಲಿ ಮುಚ್ಚಳ ಸರಿಯಾಗಿ ಹಾಕು ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?"

ಇದು ಮಗಳಿಗೆ. ಮಾತಿಗೆ ಮಾತು ಜೋಡಿಸುವ ಈ ಹುಡುಗಿಯನ್ನು ಮನೆಯಲ್ಲಿ ವಕೀಲೆ ಎಂದೇ ಕರೆಯುವುದು. ಶಾಲೆಗೆ ಹೋಗುವಾಗ ತಾತನ ಪಕ್ಕದ ಸೀಟು ಅವಳದೇ.

"ನನ್ನ ಬಾಟ್ಲಿ ಸೋರೋದನ್ನ ನೋಡಿದವರು ಯಾರು? ಸಾಕ್ಷಿ ಎಲ್ಲಿ?" ಎಂದಳು ವಕೀಲೆ.

"ಮ್ಯಾಟೇ ಸಾಕ್ಷಿ. ನಾಳೆಯಿಂದ ಕಾರಿನೊಳಗೆ ಬಾಟ್ಲಿ ತರಬೇಡ. ಅಮ್ಮ, ನೀವೂ ಕೇಳಿ. ಕಾರೆಲ್ಲ ಸಿಹಿ ಸಿಹಿ ವಾಸನೆ. ಶುಗರ್ ಇಟ್ಕೊಂಡು ಕದ್ದು ಮಿಠಾಯಿ ತಿಂತಿದ್ದೀರಿ ಅಲ್ವಾ?"

ಅಜ್ಜಿ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಚಮಚದಿಂದ ಅತ್ತಿಂದಿತ್ತ ತಳ್ಳಿದರು. "ಬೇಕಿದ್ರೆ ಬಾಯಿ ಮೂಸಿ ನೋಡು. ಈ ವಯಸ್ಸಲ್ಲಿ ಹೆತ್ತ ಮಗನಿಂದ ಕಳ್ಳಿ ಅನ್ನಿಸ್ಕೊಳ್ಳೋದೊಂದು ಬಾಕಿ ಇತ್ತು."

"ಇನ್ನು ನೀವು, ಅಪ್ಪ."

"ಗಾಜು ಮಂಜಾಯ್ತು ಕಣೋ," ಎಂದರು ಮೇಷ್ಟ್ರು. "ಈ ಚಳಿ ಶುರುವಾದಾಗಿಂದ ಹಾಗೇ ಆಗ್ತಿದೆ. ಒರೆಸಿದ್ರೂ ಹೋಗಲ್ಲ."

"ದಿನಾ ನೀವು ಬಂದ ಮೇಲೆ ಅದೇ ಕಾರಲ್ಲಿ ನಾನು ಆಫೀಸಿಗೆ ಹೋಗ್ತೀನಿ. ಒಂದು ದಿನವೂ ಮಂಜಾಗಿಲ್ಲ." ಮಗ ನೀರಿನ ಲೋಟವನ್ನು ಕೆಳಗಿಟ್ಟ. "ಮಂಜಾಗಿರೋದು ಗಾಜಲ್ಲ ಅಪ್ಪ. ಕಣ್ಣು."

ಸೊಸೆ ಗಂಡನ ಕಡೆ ನೋಡಿ ಸಾಕು ಎಂಬಂತೆ ತಲೆಯಾಡಿಸಿದಳು. ಅವನು ನಿಲ್ಲಿಸಲಿಲ್ಲ.

"ಆ ಗೋಡೆ ಮೇಲೆ ಪಕ್ಕದ ಮನೆ ಮಗು ಕೂತಿರುತ್ತೆ. ದಿನಾ ಕೂತಿರುತ್ತೆ. ಇವತ್ತು ಚಳಿ ಅಂತ ಅವರಮ್ಮ ಒಳಗೆ ಕರ್ಕೊಂಡಿದ್ಲು, ಅದಕ್ಕೆ ಬಚಾವು. ಇಂಥ ಎಷ್ಟು ಫೈಲ್ ಓದಿದ್ದೀನಿ ಗೊತ್ತಾ? ಎಲ್ಲರೂ ಬರೆಯೋದು ಒಂದೇ, ಗಾಜು ಮಂಜಾಗಿತ್ತು, ಬಿಸಿಲು ಕಣ್ಣಿಗೆ ಹೊಡೀತು."

ಮೇಷ್ಟ್ರು ಊಟ ಮುಗಿಸಿ ಕೈ ತೊಳೆದರು. ಗೋಡೆಯ ಮೊಳೆಯಿಂದ ಕಾರಿನ ಕೀ ತೆಗೆದು ಮಗನ ತಟ್ಟೆಯ ಪಕ್ಕದಲ್ಲಿಟ್ಟು ಕೋಣೆಗೆ ಹೋದರು. ಮಗ ಕೇಳಿರಲಿಲ್ಲ, ಆದರೆ ಬೇಡವೆನ್ನಲೂ ಇಲ್ಲ. ಮಗುವಿನ ಮಾತು ಬಂದ ಮೇಲೆ ಯಾರು ತಾನೇ ಏನು ಹೇಳಿಯಾರು.

ಕೀ ಇಲ್ಲದ ಮೇಷ್ಟ್ರು ಮನೆಗೆ ಭಾರವಾದರು. ಕೈಗೆ ಕೆಲಸವಿಲ್ಲದೆ ಅಡುಗೆಮನೆ ಹೊಕ್ಕರು. ಬೀನ್ಸ್ ಕತ್ತರಿಸಿದರೆ ಎಲ್ಲವೂ ಒಂದೇ ಅಳತೆಗೆ ಬರಬೇಕು, ಒಂದು ಉದ್ದವಾದರೆ ವಾಪಸು ತೆಗೆದುಕೊಂಡು ಸರಿಮಾಡಬೇಕು. ಬಿಸಿ ಪಾತ್ರೆ ಹಿಡಿದು ತಿರುಗಿದ ಹೆಂಡತಿಗೆ, "ತಿರುಗೋ ಮುಂಚೆ ಹಿಂದೆ ನೋಡ್ಬೇಕು," ಎಂದರು. ಸೊಸೆ ಫ್ರಿಜ್ಜಿನ ಬಾಗಿಲು ತೆಗೆದಿಟ್ಟು ಯೋಚಿಸುತ್ತ ನಿಂತರೆ, "ಹೀಗೆ ನಡುರಸ್ತೆಯಲ್ಲಿ ನಿಲ್ಲಬಾರದಮ್ಮ," ಎಂದರು. ಅಜ್ಜಿ ರೋಸಿಹೋದರು.

"ಏನ್ರೀ, ನಾನು ನಿಮ್ಮ ಹತ್ರ ಅಡುಗೆ ಕಲಿಯೋಕೆ ಫೀಸ್ ಕಟ್ಟಿಲ್ಲ. ಹೊರಗೆ ಹೋಗಿ ಕೂತ್ಕೊಳ್ಳಿ."

ಆದರೂ ಅಜ್ಜಿ ಗಂಡನ ಪಕ್ಷವೇ. ಮುಂದಿನ ಶನಿವಾರ ಮಗ ಕಾರಿನ ಬಳಿ ಕೀ ಹಿಡಿದು ನಿಂತಾಗ, "ನಿಮ್ಮಪ್ಪ ಓಡಿಸದ ಕಾರಿಗೆ ನಾನು ಹತ್ತಲ್ಲ," ಎಂದು ಗಂಡನ ತೋಳು ಹಿಡಿದು ಬಸ್‌ಸ್ಟಾಪಿಗೆ ನಡೆದರು. ಸ್ಟಾಪಿಗೆ ಹೋಗುವಷ್ಟರಲ್ಲಿ ಎರಡು ಕಡೆ ಕೂತು ಎದ್ದರು. ವಾಪಸು ಬಂದಾಗ ವ್ಯಾಯಾಮಕ್ಕೆ ಹೋಗುವ ಮುಂಚಿಗಿಂತ ಮೊಣಕಾಲು ಹೆಚ್ಚು ಊದಿತ್ತು.

ವಕೀಲೆಯನ್ನು ಈಗ ಅಪ್ಪನೇ ಆಫೀಸಿಗೆ ಹೋಗುವ ದಾರಿಯಲ್ಲಿ ಶಾಲೆಗೆ ಬಿಡುತ್ತಿದ್ದ. ಅವನಿಗೆ ಯಾವಾಗಲೂ ಸೆಕೆ. ಹಲ್ಲು ಕಟಕಟಿಸುವ ಚಳಿಯಲ್ಲೂ ಕಿಟಕಿ ಇಳಿಸಿಯೇ ಓಡಿಸುವವನು. "ತಾತನ ಕಾರು ಬೆಚ್ಚಗಿರ್ತಿತ್ತು," ಎಂದು ವಕೀಲೆ ದಿನವೂ ಗೊಣಗುತ್ತಿದ್ದಳು. ಬಾಟಲಿ ಮನೆಯಲ್ಲಿ, ಬಾಯಾರಿಕೆ ಶಾಲೆಯಲ್ಲಿ. ಮ್ಯಾಟು ಮಾತ್ರ ಒಣಗಲಿಲ್ಲ. ಅದನ್ನು ಅವಳು ಎತ್ತಿ ಹೇಳಿದಳು.

"ನೋಡಿ, ಬಾಟ್ಲಿ ಇಲ್ದೆನೂ ಒದ್ದೆ ಇದೆ. ನನ್ನ ಕೇಸು ವಾಪಸ್ ತಗೊಳ್ಳಿ."

"ಹಳೇ ನೀರು. ಚಳಿಗೆ ಒಣಗಿಲ್ಲ," ಎಂದ ಅಪ್ಪ.

ಸೊಸೆ ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಬಂದವರ ಮೂಗಿಗೆ ಫ್ರೇಮು ಹೊಂದಿಸುವುದು, ಗಾಜು ಒರೆಸಿ ಕೊಡುವುದು. ಅಂಗಡಿಯ ಒಳಕೋಣೆಯಲ್ಲಿ ವಾರಕ್ಕೊಮ್ಮೆ ಕಣ್ಣಿನ ಡಾಕ್ಟರು ಬಂದು ಕೂರುತ್ತಿದ್ದರು. ಮಾವನನ್ನು ಪುಸಲಾಯಿಸಿ ಅವಳೇ ಕರೆದುಕೊಂಡು ಹೋದಳು. ಡಾಕ್ಟರು ಹನಿ ಹಾಕಿ, ಬೆಳಕು ಬಿಟ್ಟು, ಗೋಡೆಯ ಅಕ್ಷರಗಳನ್ನು ಓದಿಸಿದರು. ಹತ್ತಿರದ್ದಕ್ಕೆ ಕನ್ನಡಕ ಬೇಕು, ಅದು ಇದ್ದೇ ಇದೆ, ದೂರದ್ದು ಚೆನ್ನಾಗಿ ಕಾಣುತ್ತದೆ, ಪೊರೆಯೂ ಇಲ್ಲ ಎಂದರು.

ಸಂಜೆ ಸೊಸೆ ಆ ಸುದ್ದಿಯನ್ನು ಚಹಾದ ಜೊತೆಗೆ ಮೇಜಿನ ಮೇಲಿಟ್ಟಳು.

"ಬೋರ್ಡು ಓದೋದಕ್ಕೂ ರಸ್ತೆ ನೋಡೋದಕ್ಕೂ ವ್ಯತ್ಯಾಸ ಇದೆ," ಎಂದ ಗಂಡ. "ಅಪ್ಪ ಸಾಲಲ್ಲಿ ಕೂತು ಕಾಯುವಾಗ ಮುಂದಿನವರು ಓದಿದ್ದನ್ನೇ ಬಾಯಿಪಾಠ ಮಾಡಿರ್ತಾರೆ."

"ರೀ, ನಿಮ್ಮ ಅಪ್ಪ ಮಾತ್ರ ಅಲ್ಲ, ನನ್ನ ಅಂಗಡೀನೂ ಸುಳ್ಳಾ?"

"ಬಿಡಮ್ಮ," ಎಂದರು ಮೇಷ್ಟ್ರು. ಚಹಾ ಕುಡಿದು ಲೋಟ ತೊಳೆಯಲು ಹೋದವರ ಹಿಂದೆಯೇ ಸೊಸೆಯೂ ಹೋದಳು. ನಲ್ಲಿಯ ಸದ್ದಿನಲ್ಲಿ ಅವರು ಮೆಲ್ಲಗೆ ಹೇಳಿದರು: "ಡಾಕ್ಟರು ಹೇಳಿದ್ದು ಸರಿ ಇರಬಹುದು. ಆದ್ರೆ ಅವತ್ತು ನಂಗೆ ನಿಜವಾಗ್ಲೂ ಏನೂ ಕಾಣ್ಲಿಲ್ಲ. ಅವನು ಓಡಿಸಿದ್ರೆ ಕಾಣುತ್ತೆ, ನಾನು ಓಡಿಸಿದ್ರೆ ಕಾಣಲ್ಲ ಅಂದ್ರೆ ಏನರ್ಥ? ನಂಗೇ ನನ್ನ ಮೇಲೆ ಅನುಮಾನ ಬಂದಿದೆ ಕಣಮ್ಮ."

ಮಾವ ಯಾರಿಗೂ ಸೋತು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಕಣ್ಣು ಚೆನ್ನಾಗಿದ್ದ ಮೇಲೆ ಗಾಜಿನಲ್ಲೇ ಏನೋ ಇರಬೇಕು ಎಂದು ಅವಳ ತಲೆಯಲ್ಲಿ ಅವತ್ತೇ ಕೂತುಬಿಟ್ಟಿತು. ಆದರೆ ಮರುದಿನ ಬೆಳಿಗ್ಗೆ ಕಾರಿನ ಗಾಜನ್ನು ಹೊರಗಿನಿಂದ ಬಗ್ಗಿ ಬಗ್ಗಿ ನೋಡಿದರೂ ಏನೂ ಕಾಣಲಿಲ್ಲ.

ಆ ದಿನಗಳಲ್ಲಿ ಮೇಷ್ಟ್ರು ಬೆಳಗಿನ ಹೊತ್ತು ಕಾರಿನ ಸುತ್ತ ಸುಳಿದಾಡುವುದನ್ನೂ ಅವಳು ಗಮನಿಸಿದಳು. ಕೈಯಲ್ಲೊಂದು ನೀರಿನ ಚೊಂಬು. ಬಾನೆಟ್ಟಿನ ಮೇಲೆ ಕೈಯಿಟ್ಟು ನಿಲ್ಲುವರು, ಬೀಗ ಹಾಕಿದ ಬಾಗಿಲು ನೋಡುವರು, ಆಮೇಲೆ ನೀರನ್ನು ಗಿಡಕ್ಕೆ ಹಾಕಿ ಒಳಗೆ ಬರುವರು. "ಏನು ಮಾವ?" ಎಂದು ಕೇಳಿದರೆ, "ಏನಿಲ್ಲ," ಎಂಬ ಉತ್ತರ.

ಏನು ಎಂಬುದು ಆ ವಾರವೇ ಗೊತ್ತಾಯಿತು. ಆಫೀಸಿನ ದಾರಿಯಲ್ಲಿ ಕಾರಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿ, ಬಾನೆಟ್ಟಿನಿಂದ ಹೊಗೆಯೆದ್ದು, ಮಗ ಹಿಂದಿನ ಗಾಡಿಗಳ ಹಾರ್ನು ಕೇಳುತ್ತ ರಸ್ತೆ ಬದಿಗೆ ಕಾರು ತಳ್ಳಬೇಕಾಯಿತು. ಗ್ಯಾರೇಜಿನವನು ಬಂದು ಎಳೆದುಕೊಂಡು ಹೋದ. ಎಂಜಿನ್ನನ್ನು ತಂಪಾಗಿಡುವ ಕೂಲೆಂಟಿನ ಡಬ್ಬಿ ಒಣಗಿತ್ತು, ರೇಡಿಯೇಟರಿನಲ್ಲೂ ತಳದಲ್ಲಷ್ಟೇ ಇತ್ತು. ಮೆಕ್ಯಾನಿಕ್ ಪೈಪುಗಳನ್ನು ತಡವಿ ನೋಡಿದ, ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡಿದ. ಒಂದು ಹನಿಯೂ ಸೋರಿದ ಗುರುತಿರಲಿಲ್ಲ. ಹೊಸ ಹಸಿರು ಕೂಲೆಂಟ್ ತುಂಬಿ ಕಳಿಸುವಾಗ ಹೇಳಿದ:

"ಸಾರ್, ಹೊರಗೆ ಎಲ್ಲೂ ಸೋರ್ತಿಲ್ಲ. ಹಾಗಾದ್ರೆ ಎಂಜಿನ್ನೇ ಕುಡೀತಿದೆ ಅಂತ ಲೆಕ್ಕ. ಎಂಜಿನ್ ಬಿಚ್ಚಬೇಕು. ಈ ವಯಸ್ಸಿನ ಗಾಡಿಗೆ ಅಷ್ಟು ಮಾಡೋ ಬದಲು ಓಡೋವಾಗ್ಲೇ ಮಾರಿಬಿಡಿ. ಕೊಳ್ಳೋರು ಒಬ್ಬರಿದ್ದಾರೆ, ಭಾನುವಾರ ಮನೆಗೆ ಕಳಿಸ್ತೀನಿ."

ಮಗ ಮನೆಗೆ ಬಂದು ಶೂ ಬಿಚ್ಚುವ ಮುಂಚೆಯೇ ಶುರುಮಾಡಿದ. "ಅಪ್ಪ, ಡಬ್ಬಿ ಪೂರ್ತಿ ಖಾಲಿ. ಇಷ್ಟು ದಿನ ಹೇಗೆ ಓಡ್ತಿತ್ತು ಅದು?"

ಮೇಷ್ಟ್ರು ಇಸ್ತ್ರಿ ಮಾಡುತ್ತಿದ್ದ ಅಂಗಿಯ ತೋಳು ಸರಿಮಾಡಿದರು. "ನಾನು ದಿನಾ ಬೆಳಿಗ್ಗೆ ಒಂದಿಷ್ಟು ನೀರು ಹಾಕ್ತಿದ್ದೆ."

"ದಿನಾ?"

"ಶುರುವಲ್ಲಿ ವಾರಕ್ಕೊಂದು ಸಲ. ಆಮೇಲೆ ದಿನಾ. ಕೀ ಕೊಟ್ಟ ಮೇಲೆ ಬಾನೆಟ್ಟು ತೆಗೆಯೋಕಾಗ್ಲಿಲ್ಲ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನ್ಮಾಡ್ತಿದ್ದೆ?"

"ಮಾರ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

ಅಜ್ಜಿಗೆ ನಗು ಬಂತು, ಆದರೆ ಗಂಡನ ಮುಖ ನೋಡಿ ನುಂಗಿಕೊಂಡರು. ಮಗನ ಸಿಟ್ಟು ನೆತ್ತಿಗೇರಿತು. "ಸ್ಟೂಡೆಂಟ್ಸಿಗೆಲ್ಲ ಏನು ಹೇಳಿಕೊಡ್ತಿದ್ರಿ? ಗಾಡಿ ನೀರು ಕೇಳಿದ್ರೆ ಯಾಕೆ ಅಂತ ಮೊದಲು ಹುಡುಕಿ ಅಂತ ತಾನೆ? ರಸ್ತೆ ಮಧ್ಯೆ ಎಂಜಿನ್ ಹಿಡ್ಕೊಂಡಿದ್ರೆ? ಮಗಳನ್ನ ಆಗಷ್ಟೇ ಇಳಿಸಿದ್ದೆ. ಸಾಕು. ಭಾನುವಾರ ಗಿರಾಕಿ ಬರ್ತಾರೆ. ಮುಗೀತು ಇದು."

ಮೇಷ್ಟ್ರು ಹೇಳಿಕೊಟ್ಟ ಪಾಠವನ್ನೇ ಮಗ ಒಪ್ಪಿಸಿದ್ದ, ಅದರಲ್ಲಿ ತಪ್ಪು ಹಿಡಿಯಲು ಜಾಗವಿರಲಿಲ್ಲ. ಕಾರು ಹೋದರೆ ಕೀ ವಾಪಸು ಕೇಳುವ ಮಾತೂ ಹೋಗುತ್ತದೆ. ಆಮೇಲೆ ತಾವು ಕಣ್ಣು ಕಾಣದೆ ಗೋಡೆಗೆ ಗುದ್ದಿದ ಮುದುಕ ಎಂದೇ ಉಳಿಯಬೇಕು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಅಂಗಿಯ ಮೇಲೆ ಇಸ್ತ್ರಿ ಪೆಟ್ಟಿಗೆ ಒಂದು ಕ್ಷಣ ಹೆಚ್ಚು ನಿಂತು ಕಂದು ಕಲೆ ಬಿತ್ತು. ಅದು ಮಗನ ಅಂಗಿ.

ಶನಿವಾರ ಅಜ್ಜಿಯ ಮೊಣಕಾಲು ಮಂಚದಿಂದಲೇ ಮುಷ್ಕರ ಹೂಡಿತು. ಬಸ್‌ಸ್ಟಾಪಿನ ಮಾತೇ ಇಲ್ಲ. ಕೊನೆಗೆ ಅಜ್ಜಿ ಮಗ ಓಡಿಸುವ ಕಾರಿಗೆ ಹತ್ತಲು ಒಪ್ಪಿದರು. ಮೇಷ್ಟ್ರು ಬರಲಿಲ್ಲ. ಹಿಡಿದು ಇಳಿಸಲು ಸೊಸೆ ಹಿಂದೆ ಕೂತಳು.

ಕಾರು ಹೊರಟಿತು. ಮಗ ಎಂದಿನಂತೆ ಕಿಟಕಿ ಇಳಿಸಿದ.

"ಏರಿಸೋ ಮಾರಾಯ, ಕಾಲು ಮರಗಟ್ಟಿಹೋಗ್ತಿದೆ," ಎಂದರು ಅಜ್ಜಿ. "ಹೀಟರ್ ಹಾಕು. ನಿಮ್ಮಪ್ಪ ಯಾವಾಗ್ಲೂ ಹಾಕ್ತಾರೆ."

"ನನಗೆ ಉಸಿರು ಕಟ್ಟುತ್ತೆ ಅಮ್ಮ."

"ನಿನ್ನ ಉಸಿರಿಗಿಂತ ನನ್ನ ಮೊಣಕಾಲು ಹಳೇದು. ಹಾಕು."

ಮಗ ಕಿಟಕಿ ಏರಿಸಿ ಹೀಟರ್ ಹಾಕಿದ. ಮುಂದಿನ ವೃತ್ತ ದಾಟುವಷ್ಟರಲ್ಲಿ ಕಾರಿನ ತುಂಬ ಸಿಹಿ ವಾಸನೆ ಹಬ್ಬಿತು. ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿ ಅವನು ಹುಬ್ಬೇರಿಸಿದ, ನೋಡಿದೆಯಾ ಎಂಬಂತೆ. ಅಜ್ಜಿ ಎರಡೂ ಅಂಗೈ ಬಿಚ್ಚಿ ತೋರಿಸಿದರು. ಅಷ್ಟರಲ್ಲಿ ಮುಂದಿನ ಗಾಜಿನ ಕೆಳ ಅಂಚಿನಲ್ಲಿ ಬಿಳಿ ಮಬ್ಬು ಕೂತಿತು. ಕೂತದ್ದು ಮೇಲೇರಿತು. ಮಗ ಕೈಯಿಂದ ಒರೆಸಿದ. ಒರೆಸಿದ ಕಡೆ ಇನ್ನಷ್ಟು ಬಳಿದುಕೊಂಡಿತು. ಮುಂದಿನ ಬಸ್ಸು ಕೆಂಪು ಬಣ್ಣದ ಗುಡ್ಡೆಯಾಗಿ ಕಂಡಿತು, ಆಮೇಲೆ ಅದೂ ಕಾಣಲಿಲ್ಲ. ಅವನು ಬ್ರೇಕ್ ಒತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಹೇಗೋ ಬದಿಗೆ ನಿಲ್ಲಿಸಿದ. ಹಣೆಯಲ್ಲಿ ಬೆವರು ಒಡೆದಿತ್ತು.

"ಏನಪ್ಪ," ಎಂದರು ಅಜ್ಜಿ, "ಈಗ ನಿನ್ನ ಕಣ್ಣೂ ಹೋಯ್ತಾ?"

"ಹೊರಗೆ ಚಳಿ, ಒಳಗೆ ನಮ್ಮ ಉಸಿರು, ಅದಕ್ಕೆ..." ಎಂದು ಶುರುಮಾಡಿ ಮಗ ಅರ್ಧಕ್ಕೇ ನಿಲ್ಲಿಸಿದ.

ಸೊಸೆ ಆಗಲೇ ಬ್ಯಾಗಿನಿಂದ ಕನ್ನಡಕ ಒರೆಸುವ ಬಿಳಿ ಬಟ್ಟೆ ತೆಗೆದು ಮುಂದಕ್ಕೆ ಬಗ್ಗಿದ್ದಳು. ಗಾಜಿನ ಒಂದು ಮೂಲೆಯನ್ನು ಒತ್ತಿ ಒರೆಸಿದಳು. ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿ ಮೂಗಿನ ಬಳಿ ಹಿಡಿದಳು.

"ಇದು ಉಸಿರಿನ ಮಂಜಲ್ಲ," ಎಂದಳು. "ಉಸಿರಿನದ್ದಾದ್ರೆ ಒಂದು ಸಲ ಒರೆಸಿದ್ರೆ ಹೋಗ್ಬೇಕು. ದಿನಾ ಅದೇ ಕೆಲಸ ನಂದು. ಇದು ಎಣ್ಣೆ ಹಾಗೆ ಅಂಟ್ತಿದೆ. ಮೂಸಿ ನೋಡಿ."

ಮಗ ಮೂಸಿದ. ಅದೇ ಸಿಹಿ ವಾಸನೆ. ಮೊನ್ನೆ ಗ್ಯಾರೇಜಿನಲ್ಲಿ ಕೂಲೆಂಟಿನ ಹೊಸ ಕ್ಯಾನಿನ ಮುಚ್ಚಳ ತೆಗೆದಾಗ ಬಂದ ವಾಸನೆ. ಅವನು ಬಟ್ಟೆಯನ್ನೇ ನೋಡುತ್ತ ಕೂತ.

"ಅತ್ತೆ, ಕಾಲು ಮೇಲೆತ್ತಿ," ಎಂದಳು ಸೊಸೆ.

"ಎತ್ತೋಕಾದ್ರೆ ಕ್ಲಿನಿಕ್ಕಿಗೆ ಯಾಕಮ್ಮ ಹೋಗ್ತಿದ್ದೆ?"

ಹೇಗೋ ಅಜ್ಜಿಯ ಕಾಲುಗಳನ್ನು ಬದಿಗೆ ಸರಿಸಿ, ಪಕ್ಕದ ಬ್ರೇಕಿನ ಕೆಳಗಿನ ಮ್ಯಾಟನ್ನು ಸೊಸೆ ಅದೇ ಬಟ್ಟೆಯಿಂದ ಒತ್ತಿದಳು. ತೆಗೆದಾಗ ಬಿಳಿ ಬಟ್ಟೆಯ ಮೇಲೆ ತೆಳು ಹಸಿರು ಕಲೆ ಎದ್ದಿತ್ತು.

ಕ್ಲಿನಿಕ್ಕಿನ ಬದಲು ಕಾರು ಗ್ಯಾರೇಜಿಗೆ ಹೋಯಿತು, ಕಿಟಕಿಗಳನ್ನೆಲ್ಲ ಇಳಿಸಿಕೊಂಡು, ಹೀಟರ್ ಆರಿಸಿಕೊಂಡು. ಮೆಕ್ಯಾನಿಕ್ ಬಟ್ಟೆ ನೋಡಿ ನಾಲಿಗೆ ಕಚ್ಚಿಕೊಂಡ. ಎಂಜಿನ್ ಆರಲು ಬಿಟ್ಟು, ಒಂದು ಕೈಪಂಪನ್ನು ರೇಡಿಯೇಟರಿನ ಬಾಯಿಗೆ ಸಿಕ್ಕಿಸಿ ಗಾಳಿ ಒತ್ತಿದ. ಪಂಪಿನ ಮುಳ್ಳು ಏರಿ ನಿಂತಿತು, ಆಮೇಲೆ ನಿಧಾನವಾಗಿ ಇಳಿಯತೊಡಗಿತು. ಹೊರಗೆ ಎಲ್ಲೂ ಹನಿಯಿಲ್ಲ. ಕಾರಿನೊಳಗೆ ಡ್ಯಾಶ್‌ಬೋರ್ಡಿನ ಕೆಳಗೆ ಕಿವಿಯಿಟ್ಟ ಮೆಕ್ಯಾನಿಕ್ ಬೆರಳೆತ್ತಿ ಕರೆದ. ಮ್ಯಾಟು ಎತ್ತಿ ಹಿಡಿದು ಟಾರ್ಚು ಬಿಟ್ಟಾಗ ಕಪ್ಪು ಪ್ಲಾಸ್ಟಿಕ್ಕಿನ ಅಂಚಿನಿಂದ ಹಸಿರು ಹನಿಯೊಂದು ದಪ್ಪಗಾಗಿ, ತೂಗಿ, ಕೆಳಗೆ ಬಿತ್ತು. ಅದರ ಹಿಂದೆ ಇನ್ನೊಂದು.

"ಹೀಟರಿನ ಹಿಂದೆ ಒಂದು ಪುಟ್ಟ ರೇಡಿಯೇಟರ್ ಇರುತ್ತೆ ಸಾರ್. ಎಂಜಿನ್ನಿನ ಬಿಸಿ ನೀರು ಅದರೊಳಗೂ ಹರಿಯುತ್ತೆ. ಅದು ತೂತಾಗಿದೆ. ಹೀಟರ್ ಹಾಕಿದಾಗ ಆ ಹಬೆಯೇ ಗಾಜಿಗೆ ಹೊಡೆಯೋದು. ಆವತ್ತು ನಾನು ಹೊರಗಷ್ಟೇ ನೋಡಿದೆ." ಅವನು ತಲೆ ಕೆರೆದುಕೊಂಡ. "ಮೊದಲೇ ಹಸಿರು ಕಂಡಿದ್ರೆ ಮ್ಯಾಟು ನೋಡಿದ ಯಾರಿಗಾದ್ರೂ ಗೊತ್ತಾಗ್ತಿತ್ತು. ಒಳಗೆ ಇದ್ದಿದ್ದು ಹೆಚ್ಚುಕಮ್ಮಿ ನೀರೇ. ಬಣ್ಣವೇ ಇರಲಿಲ್ಲ."

ದಿನಾ ಬೆಳಿಗ್ಗೆಯ ಆ ಚೊಂಬು ನೀರು ಸೊಸೆಗೆ ನೆನಪಾಯಿತು. ಕಾರನ್ನು ಉಳಿಸಿಕೊಳ್ಳಲು ಮಾವ ಹಾಕಿದ ನೀರೇ ಸಾಕ್ಷಿಯ ಬಣ್ಣ ತೊಳೆದುಬಿಟ್ಟಿತ್ತು. ಇದನ್ನು ಕೇಳಿದರೆ ವಕೀಲೆ ತಾತನ ಮೇಲೇ ಹೊಸ ಕೇಸು ಹಾಕುತ್ತಾಳೆ ಎಂದುಕೊಂಡಳು.

"ಎಂಜಿನ್?" ಎಂದು ಕೇಳಿದ ಮಗ.

"ಎಂಜಿನ್ನಿಗೆ ಏನೂ ಆಗಿಲ್ಲ ಸಾರ್. ಡ್ಯಾಶ್‌ಬೋರ್ಡು ಬಿಚ್ಚೋ ತಲೆನೋವು ಅಷ್ಟೇ. ಭಾನುವಾರದ ಗಿರಾಕಿಗೆ ಬೇಡ ಅಂತ ಹೇಳ್ಲಾ?"

"ಹೇಳು," ಎಂದ ಮಗ. ಯೋಚಿಸಲೂ ಇಲ್ಲ.

ಮೆಕ್ಯಾನಿಕ್ ಒಣಗಿಸಲೆಂದು ನೆಲದ ಹಾಸನ್ನು ಪೂರ್ತಿ ಎಳೆದು ತೆಗೆದ. ಸೀಟಿನ ಕೆಳಗಿನಿಂದ ಮಿಠಾಯಿಯ ಬಣ್ಣದ ಕಾಗದಗಳು ಒಂದರ ಹಿಂದೊಂದು ಉದುರಿದವು, ಅಂದವಾಗಿ ಮಡಚಿದವು, ಒಂದು ಮುಷ್ಟಿ ತುಂಬುವಷ್ಟು. ಮಗ ಮತ್ತು ಸೊಸೆ ಒಟ್ಟಿಗೆ ಅಜ್ಜಿಯ ಕಡೆ ತಿರುಗಿದರು. ಗ್ಯಾರೇಜಿನ ಸ್ಟೂಲಿನ ಮೇಲೆ ಕೂತಿದ್ದ ಅಜ್ಜಿ ಎದುರು ರಸ್ತೆಯ ಅಂಗಡಿಯ ಬೋರ್ಡನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

"ವಾಸನೆ ಮಾತ್ರ ನಂದಲ್ಲ," ಎಂದರು ಕೊನೆಗೆ.

ಮನೆಗೆ ಬಂದಾಗ ಮೇಷ್ಟ್ರು ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸುತ್ತಿದ್ದರು. ವಕೀಲೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಮಗ ಬಂದು ಬಾಗಿಲಲ್ಲಿ ನಿಂತ. ಏನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ, ಹೊರಬಂದದ್ದು ಇಷ್ಟೇ.

"ಗಾಜೇ ಅಪ್ಪ," ಎಂದ. "ಗಾಜೇ ಮಂಜಾಗ್ತಿದ್ದಿದ್ದು."

ಮೇಷ್ಟ್ರು ಒಲೆ ಆರಿಸಿದರು. ಸೊಸೆ ಎಲ್ಲವನ್ನೂ ಹೇಳಿದಳು, ಬಟ್ಟೆಯನ್ನೂ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ಆ ಹಸಿರು ಕಲೆಯನ್ನು ಎಷ್ಟೋ ಹೊತ್ತು ನೋಡಿದರು. ನೆಮ್ಮದಿಗೆ ಅಳು ಬರುವುದೂ ಉಂಟೆಂದು ಅವರಿಗೆ ಆ ವಯಸ್ಸಿನಲ್ಲಿ ತಿಳಿಯಿತು.

"ಹಾಗಾದ್ರೆ ನಾನೂ ನಿರಪರಾಧಿ," ಎಂದಳು ವಕೀಲೆ. "ಬಾಟ್ಲಿ ಇಲ್ದೆ ಬಾಯಾರಿದ್ದಕ್ಕೆ ಪರಿಹಾರ ಯಾರು ಕೊಡ್ತಾರೆ?"

"ನಾನೇ ಕೊಡ್ತೀನಿ," ಎಂದರು ಮೇಷ್ಟ್ರು. "ತಪ್ಪು ನಂದೂ ಇದೆ. ಗಾಡಿ ದಿನಾ ನೀರು ಕೇಳ್ತಿತ್ತು, ನಾನು ಯಾಕೆ ಅಂತ ಕೇಳ್ದೆ ಹಾಕ್ತಾ ಹೋದೆ. ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ಕಿವಿ ಹಿಂಡ್ತಿದ್ದೆ."

ಮಗ ಜೇಬಿನಿಂದ ಕೀ ತೆಗೆದು ಅವರ ಮುಂದಿಟ್ಟ. ಮೇಷ್ಟ್ರು ಅದನ್ನು ಮುಟ್ಟಲಿಲ್ಲ.

"ಬೇಡ. ನನ್ನ ಧೈರ್ಯ ಹೋಗಿದೆ ಕಣೋ. ಕಣ್ಣು ಸರಿ ಇದ್ರೂ ಕೈಗೆ ನಂಬಿಕೆ ಬರಬೇಕಲ್ಲ."

ಮಗನಿಗೆ ತನ್ನ ಮಾತುಗಳು ಒಂದೊಂದೇ ನೆನಪಾದವು. ಇದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಕೀ ಮತ್ತೆ ಗೋಡೆಯ ಮೊಳೆಗೆ ಹೋಯಿತು, ಯಾರದೂ ಅಲ್ಲದ ಹಾಗೆ.

ಹೊಸ ಭಾಗ ಬಂದು, ಡ್ಯಾಶ್‌ಬೋರ್ಡು ಬಿಚ್ಚಿ ಕೂಡಿಸಿ, ಕಾರು ಮನೆಗೆ ಬರುವ ಹೊತ್ತಿಗೆ ಇನ್ನೊಂದು ವಾರ ಕಳೆಯಿತು. ಮಗ ತಾನೇ ಕೂತು ಗಾಜಿನ ಒಳಮೈಯನ್ನು ಸೋಪಿನ ನೀರಿನಿಂದ ತೊಳೆದ. ಹೆಂಡತಿ ಪಕ್ಕದಲ್ಲಿ ನಿಂತು, ಅಲ್ಲಿ ಉಳಿದಿದೆ, ಇಲ್ಲಿ ಉಳಿದಿದೆ ಎಂದು ತೋರಿಸಿ ಮತ್ತೆ ತೊಳೆಸಿದಳು. ಶನಿವಾರ ಬೆಳಿಗ್ಗೆ ಅಜ್ಜಿ ತಯಾರಾಗಿ ಬಂದವರು ಮುಂದಿನ ಸೀಟಿಗೆ ಹೋಗದೆ ಹಿಂದೆ ಹತ್ತಿ ಮೊಮ್ಮಗಳ ಪಕ್ಕ ಕೂತರು.

"ಮುಂದೆ ನೀನು ಕೂತ್ಕೋ," ಎಂದರು ಮಗನಿಗೆ.

"ಓಡಿಸೋದು ಯಾರು?"

"ಮೇಷ್ಟ್ರ ಮನೇಲಿ ಇದೊಂದು ಪ್ರಶ್ನೆನಾ?"

ಮಗ ಕೀ ತಂದು ಅಪ್ಪನ ಕೈಯೊಳಗಿಟ್ಟು ಬೆರಳುಗಳನ್ನು ಮಡಿಸಿದ. "ನಾನು ಪಕ್ಕದಲ್ಲಿರ್ತೀನಿ. ಬನ್ನಿ ಅಪ್ಪ."

ಮೇಷ್ಟ್ರು ಕೂತರು. ಸೀಟು ಮುಂದಕ್ಕೆಳೆದರು, ಕನ್ನಡಿ ಸರಿಮಾಡಿದರು, ಮತ್ತೆ ಸರಿಮಾಡಿದರು. ಬ್ರೇಕಿನ ಮೇಲೆ ಕಾಲಿಟ್ಟಾಗ ಅದು ಆಗಲೇ ಒಂದಿಷ್ಟು ತಗ್ಗಿತ್ತು. ಪಕ್ಕದಲ್ಲಿ ಮಗನ ಶೂ ಇನ್ನೊಂದು ಬ್ರೇಕಿನ ಮೇಲೆ ಕೂತಿದ್ದು ಅವರಿಗೆ ನೋಡದೆಯೇ ತಿಳಿಯಿತು. ಅವರು ಹೀಟರ್ ಹಾಕಿ ಕಾರು ಹೊರಡಿಸಿದರು.

ಓಣಿಯ ತಿರುವಿನಲ್ಲಿ ಪಕ್ಕದ ಮನೆಯ ಮಗು ಗೋಡೆಯ ಮೇಲೆ ಕೂತು ಕಾಲಾಡಿಸುತ್ತಿತ್ತು. ಮಗನ ಕಾಲು ಬಿಗಿಯಾಯಿತು. ಮೇಷ್ಟ್ರು ಮುಂಚೆಯೇ ವೇಗ ಇಳಿಸಿ ಕಾರು ನಿಲ್ಲಿಸಿದರು. ಮಗುವಿನ ಅಮ್ಮ ಬಂದು ಅದನ್ನು ಎತ್ತಿಕೊಂಡು ಒಳಗೆ ಹೋಗುವವರೆಗೂ ಕಾದರು. ಆಮೇಲೆ ಗೋಡೆಗೂ ಕಾರಿಗೂ ನಡುವೆ ಒಬ್ಬರು ನಡೆದುಹೋಗುವಷ್ಟು ಜಾಗ ಬಿಟ್ಟು ತಿರುಗಿಸಿದರು. ಗಾಜು ತಿಳಿಯಾಗಿತ್ತು. ವೃತ್ತ ಬಂತು, ಹೋಯಿತು. ಗಾಜು ಇನ್ನೂ ತಿಳಿಯಾಗಿಯೇ ಇತ್ತು. ಹಿಂದೆ ಅಜ್ಜಿಯ ಮೊಣಕಾಲು ಬೆಚ್ಚಗಾಯಿತು. ಗದರಿಸಲು ಸೊಸೆಯೂ ಇರಲಿಲ್ಲ, ಅಂಗಡಿಗೆ ಹೋಗಿದ್ದಳು. ಕಾಗದ ಬಿಚ್ಚುವ ಚಿಕ್ಕ ಸದ್ದು ಕೇಳಿಸಿತು. ಮಗ ತಿರುಗಿ ನೋಡಲಿಲ್ಲ.

ದೊಡ್ಡ ರಸ್ತೆಯಲ್ಲಿ ಗಾಡಿಗಳು ಒತ್ತೊತ್ತಾಗಿದ್ದವು. ಬಸ್ಸೊಂದು ಹೇಳದೆ ಕೇಳದೆ ಮುಂದೆ ನುಗ್ಗಿತು. ಮೇಷ್ಟ್ರು ಬೈಯದೆ ಅದಕ್ಕೆ ದಾರಿಬಿಟ್ಟರು. ಮಗ ಅಪ್ಪನ ಕೈಯನ್ನು ನೋಡಿದ, ಮುಂದಿನ ರಸ್ತೆಯನ್ನು ನೋಡಿದ, ತನ್ನ ಕಾಲನ್ನು ನೋಡಿಕೊಂಡ.

ಮೇಷ್ಟ್ರು ರಸ್ತೆಯಿಂದ ಕಣ್ಣು ಕೀಳಲಿಲ್ಲ. ಅವರ ಕಾಲ ಕೆಳಗಿನ ಬ್ರೇಕು ಮೆಲ್ಲಗೆ ಮೇಲೆದ್ದು ತನ್ನ ಜಾಗಕ್ಕೆ ಬಂದು ನಿಂತಿತು. ಪಕ್ಕದಲ್ಲಿ ಮಗ ಎರಡೂ ಕಾಲುಗಳನ್ನು ಹಿಂದಕ್ಕೆಳೆದು ಸೀಟಿನ ಕೆಳಗೆ ಸೇರಿಸಿದ್ದ.